ದಣಿವು ಮತ್ತು ಜಡತೆ

ದುಡಿಮೆ, ನಿದ್ರೆಗೇಡು, ಕಾಯಿಲೆ ಅಥವಾ ಮನಸ್ಸಿನ ಒತ್ತಡದಿಂದ ಮೈಮನಸ್ಸುಗಳ ಕಾರ್ಯಶಕ್ತಿ ಕುಗ್ಗಿ, ಅದೇ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಪ್ರಯತ್ನ ಬೇಕಾಗುವ ಸ್ಥಿತಿಗೆ ದಣಿವು ಎಂದು ಹೆಸರು. ಚಟುವಟಿಕೆ, ಎಚ್ಚರ, ಆಸಕ್ತಿ ಮೂರೂ ಮಂದವಾಗುವ ಸ್ಥಿತಿ ಜಡತೆ. ಇದರ ಹಿಂದೆ ದುಡಿಮೆ ಇದ್ದಿರಲೇಬೇಕೆಂದಿಲ್ಲ. ಇವೆರಡೂ ಹಲವು ಸಲ ಜೊತೆಯಾಗಿಯೇ ಬರುತ್ತವೆ, ಆದರೆ ಕಾರಣ ಮತ್ತು ಪರಿಹಾರ ಬೇರೆ ಬೇರೆ. ಸೋಮಾರಿತನ ಈ ಎರಡಕ್ಕೂ ಸೇರದ ಮೂರನೆಯದು. ಅಲ್ಲಿ ಶಕ್ತಿ ಇರುತ್ತದೆ, ಮಾಡುವ ಮನಸ್ಸು ಇರುವುದಿಲ್ಲ. ದಣಿದವರನ್ನು ಸೋಮಾರಿಗಳೆಂದು ಎಣಿಸುವುದರಿಂದ ಎಷ್ಟೋ ಕಾಯಿಲೆಗಳು ಪತ್ತೆಯಾಗದೆ ಉಳಿಯುತ್ತವೆ. ಆದ್ದರಿಂದ ಈ ವಿಷಯದಲ್ಲಿ ಮೊದಲು ಪದಗಳನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಪದಗಳು

ಕನ್ನಡದಲ್ಲಿ ಈ ಅನುಭವಕ್ಕೆ ಪದಗಳ ಬರವಿಲ್ಲ. ದಣಿವು, ಬಳಲಿಕೆ, ಆಯಾಸ, ಸುಸ್ತು, ನಿತ್ರಾಣ, ನಿಶ್ಶಕ್ತಿ, ಮಂಪರು, ತೂಕಡಿಕೆ, ಬೇಸರ, ಜಾಡ್ಯ, ಆಲಸ್ಯ ಮುಂತಾದವು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತಿದ್ದರೂ ಅರ್ಥದ ಎಳೆಗಳು ಬೇರೆ. 'ದಣಿ' ಎಂಬ ಧಾತುವಿಗೆ ಬಳಲು ಎಂಬುದರ ಜೊತೆಗೆ ತೃಪ್ತಿಯಾಗು ಎಂಬ ಅರ್ಥವೂ ಇದೆ. ಕಣ್ದಣಿಯೆ ನೋಡುವುದು, ಮನದಣಿಯೆ ಹಾಡುವುದು ಎಂಬ ಬಳಕೆಗಳಲ್ಲಿ ಉಳಿದಿರುವುದು ಆ ಅರ್ಥ. 'ಸುಸ್ತು' ಪಾರಸಿಯಿಂದ ಬಂದದ್ದು; ಅಲ್ಲಿ ಅದಕ್ಕೆ ಸಡಿಲ, ನಿಧಾನ ಎಂಬ ಅರ್ಥ. 'ಆಯಾಸ'ಕ್ಕೆ ಸಂಸ್ಕೃತದಲ್ಲಿ ಪ್ರಯತ್ನವೆಂಬ ಅರ್ಥವೂ ಉಂಟು, ಅದರಿಂದಲೇ ಕಷ್ಟಪಡದೆ ಆದದ್ದು 'ಅನಾಯಾಸ'. ಹಳೆಯ ಕನ್ನಡದಲ್ಲಿ ಬಳಲಿಕೆಯನ್ನು ಹೇಳುತ್ತಿದ್ದ 'ಆಸರು' ಹವ್ಯಕರ ಮಾತಿನಲ್ಲಿ ಬಾಯಾರಿಕೆಯಾಗಿ ಉಳಿದಿದೆ. ಅಲ್ಲಿ ಮನೆಗೆ ಬಂದವರನ್ನು ಆಸರಿಗೆ ಏನು ಬೇಕೆಂದು ಕೇಳಿದರೆ ಕುಡಿಯಲು ಏನು ಕೊಡಲಿ ಎಂದು ಅರ್ಥ.

ಗಮನಿಸಬೇಕಾದ ಇನ್ನೊಂದು ಸಂಗತಿ ಜಡತೆಯನ್ನು ಹೇಳುವ ಪದಗಳು ಕಾಯಿಲೆಯನ್ನೂ ಹೇಳುವುದು. 'ಆಲಸ್ಯ' ಎಂದರೆ ಸೋಮಾರಿತನವಾದರೂ 'ದೇಹಾಲಸ್ಯ' ಎಂದರೆ ಮೈಗೆ ಹುಷಾರಿಲ್ಲದಿರುವುದು. 'ಜಾಡ್ಯ' ಜಡತೆಯಿಂದ ಹುಟ್ಟಿದ ಪದ, ಆದರೆ ಕನ್ನಡದಲ್ಲಿ ಅದಕ್ಕೆ ರೋಗವೆಂಬ ಅರ್ಥವೇ ಮುಂದಾಗಿದೆ. ಉತ್ತರ ಕರ್ನಾಟಕದ 'ಜಡ್ಡು' ಇದರದೇ ರೂಪ. ಮೈ ಜಡವಾದರೆ ಒಳಗೆ ಏನೋ ಕೆಟ್ಟಿದೆ ಎಂಬ ತಿಳಿವಳಿಕೆ ನುಡಿಯಲ್ಲೇ ಸೇರಿಕೊಂಡಿದೆ. ಸೋಮಾರಿತನಕ್ಕೆ ಕನ್ನಡ ಬೇರೆಯೇ ಪದ ಇಟ್ಟುಕೊಂಡಿದೆ: ಮೈಗಳ್ಳತನ. ಕೆಲಸದಿಂದ ಮೈಯನ್ನು ಕದ್ದಿಡುವವನು ಮೈಗಳ್ಳ. ಕದ್ದಿಡಲು ಅವನಲ್ಲಿ ಶಕ್ತಿ ಇರಬೇಕು.

ಇಂಗ್ಲಿಷಿನ 'ಲೆಥಾರ್ಜಿ' ಗ್ರೀಕ್ ಮೂಲದ್ದು. ಮರೆವು ಎಂಬ ಅರ್ಥದ 'ಲೆಥೆ' ಮತ್ತು ಕೆಲಸವಿಲ್ಲದ ಎಂಬ ಅರ್ಥದ 'ಆರ್ಗೊಸ್' ಸೇರಿ ಆದ ಪದವದು. ಗ್ರೀಕ್ ವೈದ್ಯರು ಅದನ್ನು ಮರೆವು, ಮಂಪರು ಕೂಡಿದ ಒಂದು ರೋಗಸ್ಥಿತಿಗೆ ಬಳಸುತ್ತಿದ್ದರು. ಈ ಲೇಖನದಲ್ಲಿ ದುಡಿಮೆಯಿಂದಲೋ ರೋಗದಿಂದಲೋ ಆಗುವ ಶಕ್ತಿಗುಂದುವಿಕೆಗೆ ದಣಿವು, ದೀರ್ಘಕಾಲ ಉಳಿಯುವ ದಣಿವಿಗೆ ಬಳಲಿಕೆ, ಎಚ್ಚರ ಮಂದವಾಗುವುದಕ್ಕೆ ಜಡತೆ, ನಿದ್ರೆಯ ಒತ್ತಡಕ್ಕೆ ಮಂಪರು ಎಂಬ ಪದಗಳನ್ನು ಇಟ್ಟುಕೊಂಡಿದೆ.

ಪ್ರಾಚೀನ ವಿವೇಚನೆ

ದಣಿವಿನ ಬಗೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದ ಹಳೆಯ ಗ್ರಂಥಗಳಲ್ಲಿ ಸುಶ್ರುತ ಸಂಹಿತೆ ಮುಖ್ಯವಾದುದು. ಅದರ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯ ನಿದ್ರೆಯ ವಿಚಾರ ಹೇಳುತ್ತ ತಂದ್ರಾ, ಕ್ಲಮ, ಆಲಸ್ಯ, ಗ್ಲಾನಿ ಮುಂತಾದವುಗಳಿಗೆ ಒಂದೊಂದಾಗಿ ಲಕ್ಷಣ ಕೊಡುತ್ತದೆ. ಇಂದ್ರಿಯಗಳಿಗೆ ವಿಷಯ ಹತ್ತದೆ, ಮೈ ಭಾರವಾಗಿ, ಆಕಳಿಕೆ ಬಂದು, ನಿದ್ರೆ ಹತ್ತಿದವನಂತೆ ವರ್ತಿಸುವುದು ತಂದ್ರಾ. ಶ್ರಮಪಡದೆಯೇ ಮೈಯಲ್ಲಿ ಬೆಳೆಯುವ, ಏದುಸಿರಿಲ್ಲದ, ಇಂದ್ರಿಯಗಳ ಕೆಲಸಕ್ಕೆ ಅಡ್ಡಿಯಾಗುವ ಬಳಲಿಕೆ ಕ್ಲಮ. ಶಕ್ತಿಯಿದ್ದೂ ಕೆಲಸದಲ್ಲಿ ಉತ್ಸಾಹವಿಲ್ಲದಿರುವುದು ಆಲಸ್ಯ. ದುಡಿದು ಬಂದ ದಣಿವು, ದುಡಿಯದೆ ಬಂದ ಬಳಲಿಕೆ, ಶಕ್ತಿಯಿದ್ದೂ ಮಾಡದಿರುವುದು ಎಂಬ ಈ ವಿಂಗಡಣೆಯನ್ನು ಇಂದಿನ ವೈದ್ಯರೂ ರೋಗಿಯ ಮುಂದೆ ಕುಳಿತಾಗ ಮೊದಲು ಮಾಡಿಕೊಳ್ಳಬೇಕಾಗುತ್ತದೆ.

ಚರಕ ಸಂಹಿತೆ ಸೂತ್ರಸ್ಥಾನದಲ್ಲಿ ಐವತ್ತು ದ್ರವ್ಯವರ್ಗಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಶ್ರಮಹರ, ಎಂದರೆ ದಣಿವು ಕಳೆಯುವ ವರ್ಗ. ದ್ರಾಕ್ಷಿ, ಖರ್ಜೂರ, ಚಾರೋಳಿ, ಬೋರೆಹಣ್ಣು, ದಾಳಿಂಬೆ, ಅತ್ತಿ ಜಾತಿಯ ಹಣ್ಣು, ಫಾಲ್ಸಾ, ಕಬ್ಬು, ಜವೆಗೋಧಿ, ಅರವತ್ತು ದಿನಕ್ಕೆ ಕೊಯ್ಲಿಗೆ ಬರುವ ಭತ್ತ ಈ ಹತ್ತು ಅದರಲ್ಲಿವೆ. ಮದ್ದಿನ ಬೇರುಕಾಂಡಗಳು ಇದರಲ್ಲಿಲ್ಲ. ಬಹುಪಾಲು ಸಕ್ಕರೆ ಮತ್ತು ಪಿಷ್ಟ ಇರುವ ತಿನಿಸುಗಳೇ.

ಮನಸ್ಸಿನ ಜಡತೆಯನ್ನು ಸಾಧನೆಯ ಅಡ್ಡಿಯಾಗಿ ನೋಡಿದ ಪರಂಪರೆಗಳು ಬೇರೆ. ಪತಂಜಲಿಯ ಯೋಗಸೂತ್ರ ಹೇಳುವ ಒಂಬತ್ತು ಅಂತರಾಯಗಳಲ್ಲಿ ವ್ಯಾಧಿ, ಸ್ತ್ಯಾನ, ಆಲಸ್ಯ ಮೂರೂ ಪ್ರತ್ಯೇಕವಾಗಿವೆ: ಸ್ತ್ಯಾನ ಚಿತ್ತ ಕೆಲಸಕ್ಕೆ ಒದಗದಿರುವುದು, ಆಲಸ್ಯ ಮೈಮನಸ್ಸುಗಳ ಭಾರ. ಬೌದ್ಧರು ಧ್ಯಾನಕ್ಕೆ ಅಡ್ಡಿಯಾಗುವ ಐದು ನೀವರಣಗಳಲ್ಲಿ ಥೀನ-ಮಿದ್ಧ, ಎಂದರೆ ಜಡತೆ-ತೂಕಡಿಕೆ, ಎಂಬ ಜೋಡಿಯನ್ನು ಸೇರಿಸಿದರು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಕ್ರೈಸ್ತ ಸಂನ್ಯಾಸಿ ಎವಾಗ್ರಿಯಸ್, ನಡುಹಗಲಲ್ಲಿ ಬಂದು ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದಂತೆ ಮಾಡುವ 'ಅಸೀಡಿಯಾ' ಎಂಬ ಬೇಸರವನ್ನು ವಿವರವಾಗಿ ಬರೆದಿದ್ದಾನೆ. ಮುಂದೆ ಅದು ಏಳು ಮಹಾಪಾಪಗಳಲ್ಲಿ ಸೋಮಾರಿತನವಾಗಿ ಸೇರಿತು. ಅನುಭವವಾಗಿದ್ದದ್ದು ಪಾಪವಾದದ್ದು ಹೀಗೆ. ದಣಿದವರನ್ನು ತಪ್ಪಿತಸ್ಥರಂತೆ ನೋಡುವ ರೂಢಿಗೆ ಇಂಥ ಹಳೆಯ ಬೇರುಗಳಿವೆ.

ಆಧುನಿಕ ಅಧ್ಯಯನ

ದಣಿವನ್ನು ಪ್ರಯೋಗಶಾಲೆಗೆ ತಂದವರಲ್ಲಿ ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಪ್ರಮುಖ. ಆತ ರೂಪಿಸಿದ ಎರ್ಗೊಗ್ರಾಫ್ ಸರಳ ಯಂತ್ರ. ಮುಂಗೈಯನ್ನು ಅಲುಗದಂತೆ ಹಲಗೆಗೆ ಬಿಗಿದು, ನಡುಬೆರಳಿಗೆ ಒಂದು ಉಂಗುರ ತೊಡಿಸಿ, ಅದಕ್ಕೆ ಕಟ್ಟಿದ ದಾರವನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ತೂಕ ತೂಗುಬಿಡುವುದು. ತಾಳ ತಪ್ಪದೆ ಬೆರಳು ಮಡಿಸಿ ತೂಕ ಎತ್ತುತ್ತ ಹೋದಂತೆ, ಹೊಗೆ ಹಿಡಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಮೊನೆಯೊಂದು ಪ್ರತಿ ಎತ್ತುವಿಕೆಗೂ ಒಂದು ಗೆರೆ ಎಳೆಯುತ್ತದೆ. ಮೊದಲ ಗೆರೆಗಳು ಉದ್ದ, ಬರುಬರುತ್ತ ಗಿಡ್ಡ, ಕೊನೆಗೆ ಬೆರಳು ಏಳುವುದೇ ಇಲ್ಲ. ಗೆರೆಗಳ ತುದಿ ಕೂಡಿಸಿದರೆ ಸಿಗುವ ಇಳಿಜಾರು ಒಬ್ಬೊಬ್ಬರಿಗೆ ಒಂದೊಂದು ಬಗೆ.

ಮೊಸ್ಸೊವಿನ ಮುಖ್ಯ ಶೋಧ ಇದಾದ ಮೇಲೆ ಬಂತು. ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸಿ ಬಂದ ಸಹೋದ್ಯೋಗಿ ಮಜ್ಜೋರಾ ಅವರ ಬೆರಳನ್ನು ಯಂತ್ರಕ್ಕೆ ಕಟ್ಟಿದಾಗ ಬೆಳಗಿನಷ್ಟು ತೂಕ ಎತ್ತಲಾಗಲಿಲ್ಲ. ಅವರು ಮಾಡಿದ್ದು ಕೂತು ಪ್ರಶ್ನೆ ಕೇಳುವ ಕೆಲಸ, ಬೆರಳಿಗೆ ಕೆಲಸವೇ ಇರಲಿಲ್ಲ. ಮಿದುಳು ದಣಿದರೆ ಸ್ನಾಯುವಿನ ಕೆಲಸವೂ ಕುಗ್ಗುತ್ತದೆ ಎಂಬುದನ್ನು ಅಂಕಿಗಳಲ್ಲಿ ತೋರಿಸಿದ ಈ ಪ್ರಯೋಗಗಳು 1891ರಲ್ಲಿ ಬಂದ ಮೊಸ್ಸೊವಿನ 'ಲಾ ಫಾತಿಕಾ' ಗ್ರಂಥದಲ್ಲಿವೆ.

ಇದಕ್ಕೂ ಮೊದಲು, 1869ರಲ್ಲಿ, ಅಮೆರಿಕದ ವೈದ್ಯ ಜಾರ್ಜ್ ಮಿಲ್ಲರ್ ಬಿಯರ್ಡ್ 'ನ್ಯೂರಾಸ್ತೇನಿಯಾ' ಎಂಬ ಹೆಸರನ್ನು ಬಳಕೆಗೆ ತಂದಿದ್ದ. ನರಗಳ ಶಕ್ತಿ ಖರ್ಚಾಗಿ ಬರುವ ದೌರ್ಬಲ್ಯವೆಂಬುದು ಅವನ ವಾದ. ರೈಲು, ತಂತಿ, ಪತ್ರಿಕೆಗಳ ವೇಗದ ಬದುಕನ್ನು ಕಾರಣವಾಗಿ ತೋರಿಸಿದ. ಪಶ್ಚಿಮದಲ್ಲಿ ಆ ಹೆಸರು ಹಿಂದೆ ಸರಿದರೂ ಚೀನಾ, ಜಪಾನುಗಳಲ್ಲಿ ಅನುವಾದಗೊಂಡು ಬಹುಕಾಲ ಉಳಿಯಿತು. ಮೊದಲ ಮಹಾಯುದ್ಧದ ಮದ್ದುಗುಂಡು ಕಾರ್ಖಾನೆಗಳ ಅನುಭವದಿಂದ ಬ್ರಿಟನ್ 1918ರಲ್ಲಿ ಕೈಗಾರಿಕಾ ದಣಿವಿನ ಸಂಶೋಧನಾ ಮಂಡಳಿ ಸ್ಥಾಪಿಸಿತು.

ಸ್ನಾಯುವಿನ ದಣಿವು

ಸ್ನಾಯು ಸಂಕುಚಿಸಲು ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಸ್ನಾಯುವಿನಲ್ಲಿ ಸಿದ್ಧವಿರುವ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಕು, ಆದ್ದರಿಂದ ಅದು ಸದಾ ತಯಾರಾಗುತ್ತಿರಬೇಕು. ಓಟದ ಮೊದಲ ಕೆಲವು ಸೆಕೆಂಡುಗಳಲ್ಲಿ ಕ್ರಿಯಾಟಿನ್ ಫಾಸ್ಫೇಟ್, ಆಮೇಲೆ ಗ್ಲೈಕೋಜನ್, ದೀರ್ಘ ದುಡಿಮೆಯಲ್ಲಿ ಕೊಬ್ಬು ಈ ಕೆಲಸಕ್ಕೆ ಒದಗುತ್ತವೆ. ಗ್ಲೈಕೋಜನ್ ದೇಹದ ಸಕ್ಕರೆ ಕಣಜ. ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಮ್ಯಾರಥಾನ್ ಓಟಗಾರರು 30 ಕಿ.ಮೀ. ದಾಟಿದ ಮೇಲೆ ಒಮ್ಮೆಲೇ ಕಾಲು ಕಟ್ಟಿದಂತಾಗಿ ನಿಲ್ಲುವುದು ಈ ಕಣಜ ಬರಿದಾಗುವುದರಿಂದ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್, ಸೂಜಿಯಿಂದ ತೊಡೆಯ ಸ್ನಾಯುವಿನ ತುಣುಕು ತೆಗೆದು ಪರೀಕ್ಷಿಸಿ ಇದನ್ನು ಖಚಿತಪಡಿಸಿದರು.

ದಣಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುವುದನ್ನು 1907ರಲ್ಲಿ ಕಪ್ಪೆಯ ಸ್ನಾಯುಗಳಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ತೋರಿಸಿದರು. ಆ ದಾರಿಯಲ್ಲಿ ಮುಂದುವರಿದ ಎ.ವಿ. ಹಿಲ್ ಮತ್ತು ಓಟೊ ಮೆಯರ್‌ಹಾಫ್ 1922ರ ನೊಬೆಲ್ ಪ್ರಶಸ್ತಿ ಪಡೆದರು. ಅಲ್ಲಿಂದ ಲ್ಯಾಕ್ಟಿಕ್ ಆಮ್ಲವೇ ದಣಿವಿನ ವಿಷವೆಂಬ ನಂಬಿಕೆ ಶಾಲಾ ಪಠ್ಯಗಳವರೆಗೂ ಹರಡಿತು. ಈಗ ಆ ವಿವರಣೆ ನಿಲ್ಲುವುದಿಲ್ಲ. ಲ್ಯಾಕ್ಟೇಟನ್ನು ಹೃದಯ ಮತ್ತು ಇತರ ಸ್ನಾಯುಗಳು ಇಂಧನವಾಗಿ ಬಳಸುತ್ತವೆ. ತೀವ್ರ ದುಡಿಮೆಯಲ್ಲಿ ಸಂಕೋಚನ ದುರ್ಬಲವಾಗಲು ಕ್ರಿಯಾಟಿನ್ ಫಾಸ್ಫೇಟ್ ಒಡೆದಾಗ ಬಿಡುಗಡೆಯಾಗುವ ಫಾಸ್ಫೇಟ್, ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಕಡಿಮೆಯಾಗುವುದು ಹೆಚ್ಚು ಮುಖ್ಯ ಕಾರಣಗಳು.

ಸ್ನಾಯುವಿನಲ್ಲೇ ಆಗುವ ಈ ಕುಗ್ಗುವಿಕೆಗೆ ಪರಿಧಿಯ ದಣಿವು ಎಂದು ಹೆಸರು. ಮಿದುಳು ಮತ್ತು ಮಿದುಳುಬಳ್ಳಿಯಿಂದ ಸ್ನಾಯುವಿಗೆ ಹೋಗುವ ಆಜ್ಞೆಯೇ ಕ್ಷೀಣಿಸಿದರೆ ಅದು ಕೇಂದ್ರೀಯ ದಣಿವು. ಇನ್ನು ಆಗುವುದಿಲ್ಲ ಎಂದು ನಿಲ್ಲಿಸಿದವರ ನರಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟಾಗ ಸ್ನಾಯು ಇನ್ನಷ್ಟು ಬಲ ತೋರಿಸಿದರೆ, ಕೊರತೆ ಇದ್ದದ್ದು ಮೇಲಿನಿಂದ ಬರುವ ಆಜ್ಞೆಯಲ್ಲಿ ಎಂದು ತಿಳಿಯುತ್ತದೆ. ದೇಹಕ್ಕೆ ಹಾನಿಯಾಗದಂತೆ ಮಿದುಳು ಮೊದಲೇ ವೇಗ ತಗ್ಗಿಸುತ್ತದೆ ಎಂಬ ವಾದವನ್ನು ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಮುಂದಿಟ್ಟರು. ಅದನ್ನು ಒಪ್ಪದವರೂ ಇದ್ದಾರೆ.

ಬಿಸಿಲು ಈ ಎಲ್ಲವನ್ನೂ ಬೇಗ ತರುತ್ತದೆ. ಮೈ ತಂಪಾಗಿಸಲು ರಕ್ತ ಚರ್ಮದತ್ತ ಹರಿಯುವುದರಿಂದ ಸ್ನಾಯುವಿನ ಪಾಲು ಕಡಿಮೆಯಾಗುತ್ತದೆ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಇದೇ ಕಾರಣಕ್ಕೆ. ಗದ್ದೆ ಹೊಲಗಳ ಕೂಲಿಯವರಿಗೆ, ರಸ್ತೆ ಕೆಲಸದವರಿಗೆ ಅಂಥ ಆದೇಶದ ರಕ್ಷಣೆ ಸಿಗುವುದು ಕಡಿಮೆ.

ಮನಸ್ಸಿನ ದಣಿವು

ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮಿದುಳು, ಸುಮ್ಮನಿದ್ದಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ತೆಗೆದುಕೊಳ್ಳುತ್ತದೆ. ಗಟ್ಟಿಯಾಗಿ ಯೋಚಿಸಿದಾಗ ಈ ಪ್ರಮಾಣ ಹೆಚ್ಚೇನೂ ಏರುವುದಿಲ್ಲ. ಹಾಗಿದ್ದೂ ಲೆಕ್ಕ ಬರೆದು, ಉತ್ತರ ಪತ್ರಿಕೆ ತಿದ್ದಿ, ದಿನವಿಡೀ ಪರದೆ ನೋಡಿ ಬಂದವರು ತಲೆ ಓಡುತ್ತಿಲ್ಲ ಎನ್ನುತ್ತಾರೆ. ಓದಿದ ಸಾಲನ್ನೇ ಮತ್ತೆ ಓದುವುದು, ತಪ್ಪು ಕಣ್ಣಿಗೆ ಬೀಳದಿರುವುದು, ಸಣ್ಣ ಮಾತಿಗೆ ಸಿಡುಕುವುದು, ದೂರದ ಲಾಭ ಬಿಟ್ಟು ಕೈಗೆ ಸಿಗುವ ಸುಲಭವನ್ನು ಆರಿಸಿಕೊಳ್ಳುವುದು ಇದರ ಲಕ್ಷಣಗಳು.

2009ರಲ್ಲಿ ಸಾಮ್ಯುಯೆಲ್ ಮಾರ್ಕೋರಾ ಮತ್ತು ಸಂಗಡಿಗರು 16 ಜನರಿಂದ ಒಂದು ದಿನ 90 ನಿಮಿಷ ಏಕಾಗ್ರತೆ ಬೇಡುವ ಕಂಪ್ಯೂಟರ್ ಕೆಲಸ ಮಾಡಿಸಿ, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿ, ಆಮೇಲೆ ಸ್ಥಿರ ಸೈಕಲ್ ತುಳಿಸಿದರು. ತಲೆ ದಣಿದ ದಿನ ಅವರು ಸರಾಸರಿ 640 ಸೆಕೆಂಡು, ಇನ್ನೊಂದು ದಿನ 754 ಸೆಕೆಂಡು ತುಳಿದರು. ಹೃದಯ ಬಡಿತ, ಆಮ್ಲಜನಕ ಬಳಕೆಗಳಲ್ಲಿ ಈ ವ್ಯತ್ಯಾಸಕ್ಕೆ ಕಾರಣ ಸಿಗಲಿಲ್ಲ. ಅದೇ ಶ್ರಮ ಹೆಚ್ಚು ಕಷ್ಟವೆನಿಸಿದ್ದೇ ಕಾರಣವೆಂದು ಅವರು ತೀರ್ಮಾನಿಸಿದರು. ಮೊಸ್ಸೊ ಅದಕ್ಕೂ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಬೆರಳಿನಲ್ಲಿ ಕಂಡದ್ದು ಇಲ್ಲಿ ಇಡೀ ದೇಹದಲ್ಲಿ ಕಂಡಿತು. 2022ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ದಿನವಿಡೀ ಕಠಿಣ ಬೌದ್ಧಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದ ಹೊರಪದರದಲ್ಲಿ ಗ್ಲುಟಮೇಟ್ ಎಂಬ ನರರಾಸಾಯನಿಕ ಹೆಚ್ಚು ಸೇರುವುದನ್ನು ಗುರುತಿಸಿದರು.

ವೃತ್ತಿಯಲ್ಲಿ ನಿರಂತರ ಒತ್ತಡದಿಂದ ಬರುವ ಬಳಲಿಕೆಗೆ 'ಬರ್ನ್‌ಔಟ್' ಎಂಬ ಹೆಸರನ್ನು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಇದನ್ನು ರೋಗಗಳ ಪಟ್ಟಿಗೆ ಸೇರಿಸದೆ ಔದ್ಯೋಗಿಕ ವಿದ್ಯಮಾನವೆಂದು ದಾಖಲಿಸಿದೆ. ಶಕ್ತಿ ಬತ್ತಿದ ಭಾವ, ಕೆಲಸದ ಬಗ್ಗೆ ದೂರಸರಿದ ಮನಸ್ಸು, ಕಾರ್ಯಕ್ಷಮತೆಯ ಕುಸಿತ ಇದರ ಮೂರು ಮುಖಗಳು.

ನಿದ್ರೆ, ಮಂಪರು

ದಣಿವಿಗೂ ಮಂಪರಿಗೂ ವ್ಯತ್ಯಾಸವಿದೆ. ದಣಿದವರು ಮಲಗಿದರೂ ನಿದ್ರೆ ಬಾರದಿರಬಹುದು. ಮಂಪರಿನಲ್ಲಿರುವವರು ಕೂತಲ್ಲೇ ತೂಕಡಿಸುತ್ತಾರೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತ ನಿದ್ರೆಯ ಒತ್ತಡ ಹೆಚ್ಚಿಸುತ್ತದೆ. ಇದರ ಜೊತೆಗೆ ದೇಹದೊಳಗಿನ ದೈನಿಕ ಗಡಿಯಾರ ತನ್ನದೇ ಏರಿಳಿತ ನಡೆಸುತ್ತದೆ. ಈ ಎರಡರ ಕೂಡುಬಲವೇ ನಿದ್ರೆಯನ್ನು ನಿರ್ಧರಿಸುತ್ತದೆಂಬ ಮಾದರಿಯನ್ನು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮಂಡಿಸಿದರು. ಎಚ್ಚರ ತೀರ ಕುಗ್ಗುವುದು ರಾತ್ರಿ 2ರಿಂದ ಬೆಳಗಿನ 6ರ ನಡುವೆ. ಮಧ್ಯಾಹ್ನ ಇನ್ನೊಂದು ಚಿಕ್ಕ ಇಳಿತವಿದೆ, ಊಟ ಮಾಡದಿದ್ದರೂ ಅದು ಬರುತ್ತದೆ. ಕಾಫಿಯ ಕೆಫೀನ್ ಅಡೆನೊಸಿನ್ ಕೂರುವ ಜಾಗವನ್ನು ತಾನು ಹಿಡಿದು ಮಂಪರನ್ನು ಮರೆಸುತ್ತದೆ. ಸೇರಿದ ಅಡೆನೊಸಿನ್ ಅಲ್ಲೇ ಇರುತ್ತದೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಫಿಲ್ಟರ್ ಕಾಫಿ ರಾತ್ರಿ 11ಕ್ಕೂ ಅರ್ಧ ಉಳಿದಿರುತ್ತದೆ.

1997ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು, 17 ಗಂಟೆ ಎಚ್ಚರವಿದ್ದವರ ಕೈಚಳಕ ಮತ್ತು ಗಮನ ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು ತೋರಿಸಿತು. ಭಾರತದಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಅಂದರೆ ಶೇ. 0.03. ಬೆಳಗಿನ 5ಕ್ಕೆ ಎದ್ದು ರಾತ್ರಿ 10ರ ಮೇಲೆ ಗಾಡಿ ಓಡಿಸುವ ಚಾಲಕನ ಎಚ್ಚರ ಆ ಮಿತಿಯನ್ನು ದಾಟಿದ ಕುಡುಕನ ಎಚ್ಚರಕ್ಕೆ ಸಮ. ಅದನ್ನು ಹಿಡಿಯುವ ಊದುಯಂತ್ರ ಪೊಲೀಸರ ಬಳಿ ಇಲ್ಲ.

ಗಾಢನಿದ್ರೆಯಿಂದ ಎದ್ದ ಕೂಡಲೇ ಕೆಲವು ನಿಮಿಷ ಬುದ್ಧಿ ಮಂಕಾಗಿರುವುದಕ್ಕೆ ನಿದ್ರಾಜಡತೆ ಎನ್ನುತ್ತಾರೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಓಡುದಾರಿ ಮೀರಿ ಕಣಿವೆಗೆ ಬಿದ್ದು, ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಸತ್ತರು. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಮುಖ್ಯ ಪೈಲಟ್ ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ನಿದ್ರಿಸಿದ್ದು ದಾಖಲಾಗಿತ್ತು. ಇಳಿಯುವ ಕ್ರಮ ಸರಿಯಿಲ್ಲದಿದ್ದರೂ, ಸಹಪೈಲಟ್ ಮತ್ತೆ ಮೇಲೇರಲು ಹೇಳಿದರೂ, ಪ್ರಯತ್ನವನ್ನು ಕೈಬಿಡದಿದ್ದದ್ದು ನೇರ ಕಾರಣವೆಂದ ತನಿಖಾ ನ್ಯಾಯಾಲಯ, ನಿದ್ರಾಜಡತೆಯನ್ನು ಪೂರಕ ಕಾರಣಗಳಲ್ಲಿ ಸೇರಿಸಿತು.

ಜಡತೆ

ವೈದ್ಯಕೀಯದಲ್ಲಿ ಜಡತೆಗೆ ಖಚಿತವಾದ ಸ್ಥಾನವಿದೆ. ಪೂರ್ಣ ಎಚ್ಚರದಿಂದ ಕೋಮಾವರೆಗಿನ ಇಳಿಜಾರಿನಲ್ಲಿ ಅದು ಮೊದಲ ಮೆಟ್ಟಿಲು: ಕೂಗಿದರೆ ಓಗೊಡುತ್ತಾರೆ, ಬಿಟ್ಟರೆ ಮತ್ತೆ ಮಂಪರಿಗೆ ಜಾರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ಶಿಶುರೋಗ ನಿರ್ವಹಣಾ ಕ್ರಮದಲ್ಲಿ ಮಗುವಿನ ಅಪಾಯಸೂಚನೆಗಳು ನಾಲ್ಕು: ಹಾಲು ಅಥವಾ ನೀರು ಕುಡಿಯಲಾಗದಿರುವುದು, ಕುಡಿದುದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಜಡವಾಗಿ ಅಥವಾ ಪ್ರಜ್ಞೆಯಿಲ್ಲದೆ ಬಿದ್ದಿರುವುದು. ಅಳುತ್ತಿದ್ದ ಮಗು ಜ್ವರದ ನಡುವೆ ಸುಮ್ಮನಾದರೆ ಗುಣವಾಯಿತೆಂದು ಮನೆಯವರು ತಿಳಿಯುವುದುಂಟು. ತಾಯಿಯ ಮುಖ ನೋಡದೆ, ಎದೆಗೆ ಹಚ್ಚಿದರೂ ಹೀರದೆ ಮಲಗಿರುವ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಜಡತೆಯೇ ಹೆಸರಾದ ಒಂದು ರೋಗ ಇತಿಹಾಸದಲ್ಲಿದೆ. 1917ರಲ್ಲಿ ವಿಯೆನ್ನಾದ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ವರ್ಣಿಸಿದ 'ಎನ್ಸೆಫಲೈಟಿಸ್ ಲೆಥಾರ್ಜಿಕಾ' ಜಗತ್ತಿನಾದ್ಯಂತ ಹರಡಿ 1920ರ ದಶಕದ ಕೊನೆಯ ಹೊತ್ತಿಗೆ ಮಾಯವಾಯಿತು. ರೋಗಿಗಳು ವಾರಗಟ್ಟಲೆ ನಿದ್ರಿಸಿದರು. ಬದುಕುಳಿದವರಲ್ಲಿ ಹಲವರು ಮುಂದೆ ಕಲ್ಲಿನಂತೆ ಕೂತುಬಿಟ್ಟರು. ಅಂಥವರಿಗೆ 1969ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಎಲ್-ಡೋಪಾ ಎಂಬ ಔಷಧಿ ಕೊಟ್ಟಾಗ ಕೆಲವರು ದಶಕಗಳ ನಂತರ ಎದ್ದು ಮಾತಾಡಿದ್ದನ್ನು ಆಲಿವರ್ ಸ್ಯಾಕ್ಸ್ 1973ರ 'ಅವೇಕನಿಂಗ್ಸ್' ಕೃತಿಯಲ್ಲಿ ದಾಖಲಿಸಿದ್ದಾರೆ. ಹಲವರಲ್ಲಿ ಆ ಚೇತರಿಕೆ ಉಳಿಯಲಿಲ್ಲ. ಆ ರೋಗದ ಕಾರಣ ಇಂದಿಗೂ ಗೊತ್ತಾಗಿಲ್ಲ. ಸತ್ತವರ ಮಿದುಳನ್ನು ಪರೀಕ್ಷಿಸಿ ಎಕೊನೊಮೊ, ಹೈಪೊಥಾಲಮಸ್ಸಿನ ಹಿಂಭಾಗ ಕೆಟ್ಟವರು ನಿದ್ರಿಸುತ್ತಲೇ ಇದ್ದುದನ್ನೂ ಮುಂಭಾಗ ಕೆಟ್ಟವರಿಗೆ ನಿದ್ರೆಯೇ ಬಾರದಿದ್ದುದನ್ನೂ ಗುರುತಿಸಿದ್ದು ನಿದ್ರಾವಿಜ್ಞಾನಕ್ಕೆ ಅಡಿಪಾಯವಾಯಿತು.

ರೋಗಲಕ್ಷಣವಾಗಿ ದಣಿವು

ವಿಶ್ರಾಂತಿಯಿಂದ ಹೋಗದ, ವಾರಗಟ್ಟಲೆ ಉಳಿಯುವ ದಣಿವಿನ ಹಿಂದೆ ಕಾರಣ ಹುಡುಕಬೇಕು. ಭಾರತದಲ್ಲಿ ಮೊದಲು ನೋಡಬೇಕಾದ್ದು ರಕ್ತಹೀನತೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಹಿಂದಿನ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಶೇ. 44.8 ಇತ್ತು. ಗರ್ಭಿಣಿಯರಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 100 ಮಿ.ಲೀ.ಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾದಾಗ ಮೆಟ್ಟಿಲು ಹತ್ತಿದರೆ ಏದುಸಿರು, ಕೊಡ ಎತ್ತಿದರೆ ಎದೆಬಡಿತ, ಮಧ್ಯಾಹ್ನಕ್ಕೇ ಮೈ ಸೋತಂತೆ ಆಗುತ್ತದೆ. ಕೆಳರೆಪ್ಪೆಯ ಒಳಗೆ ಕೆಂಪು ಮಾಸಿ ಬಿಳಿಚಿರುತ್ತದೆ. ಇದು ನಿಧಾನವಾಗಿ ಬರುವುದರಿಂದ ಬಂದವರಿಗೇ ತಿಳಿಯುವುದಿಲ್ಲ. ಸೊಸೆಗೆ ಕೆಲಸದಲ್ಲಿ ಮನಸ್ಸಿಲ್ಲ, ಹುಡುಗಿ ಮೈಗಳ್ಳಿ ಎಂಬ ಮಾತಿನಲ್ಲಿ ರೋಗ ಮುಚ್ಚಿಹೋಗುತ್ತದೆ. ಊಟದ ಜೊತೆ ಅಥವಾ ಊಟವಾದ ಕೂಡಲೇ ಕಾಫಿ, ಚಹ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆ, ನೆಲ್ಲಿಯಂಥ ಹುಳಿಹಣ್ಣುಗಳಿಂದ ಹೆಚ್ಚುತ್ತದೆ.

ಥೈರಾಯ್ಡ್ ಸ್ರಾವದ ಕೊರತೆ, ಮಧುಮೇಹ, ಬಿ12 ಜೀವಸತ್ವದ ಕೊರತೆ, ಕ್ಷಯ, ಕಾಮಾಲೆ, ಮೂತ್ರಪಿಂಡ ಮತ್ತು ಹೃದಯದ ವೈಫಲ್ಯ, ಕ್ಯಾನ್ಸರ್, ನಿದ್ರೆಯಲ್ಲಿ ಉಸಿರುಕಟ್ಟುವಿಕೆ ಇತರ ಸಾಮಾನ್ಯ ಕಾರಣಗಳು. ಅಲರ್ಜಿ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳೂ ಮಂಪರು, ದಣಿವು ತರುತ್ತವೆ. ಖಿನ್ನತೆಯಲ್ಲಿ ದಣಿವು ಬೆಳಿಗ್ಗೆ ಏಳುವಾಗಲೇ ಹೆಚ್ಚಿರುವುದುಂಟು, ಮೊದಲು ಇಷ್ಟವಾಗುತ್ತಿದ್ದ ಕೆಲಸವೂ ಬೇಡವೆನಿಸುತ್ತದೆ. ನಮ್ಮಲ್ಲಿ ಖಿನ್ನತೆಯವರು ದುಃಖವೆಂದು ಹೇಳುವುದಕ್ಕಿಂತ ಸುಸ್ತು, ಮೈಕೈ ನೋವು ಎಂದೇ ವೈದ್ಯರ ಬಳಿ ಬರುವುದು ಹೆಚ್ಚು.

ಸೋಂಕಿನ ನಂತರ ಉಳಿಯುವ ಬಳಲಿಕೆ ಬೇರೊಂದು ವರ್ಗ. ಡೆಂಗಿ, ಚಿಕುನ್‌ಗುನ್ಯಾ, ಕೋವಿಡ್ ವಾಸಿಯಾದ ಮೇಲೂ ಕೆಲವರಲ್ಲಿ ಅದು ತಿಂಗಳುಗಟ್ಟಲೆ ಇರುತ್ತದೆ. ಇದರ ತೀವ್ರ ರೂಪ ದೀರ್ಘಕಾಲೀನ ಬಳಲಿಕೆಯ ರೋಗಕೂಟ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಸುಮಾರು 300 ಮಂದಿ ಇಂಥ ಕಾಯಿಲೆಯಿಂದ ಬಿದ್ದರು. ಅದರ ನಂತರ 'ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್' ಎಂಬ ಹೆಸರು ಬಂತು. 2015ರಲ್ಲಿ ಅಮೆರಿಕದ ವೈದ್ಯಕೀಯ ಅಕಾಡೆಮಿ ನಿಗದಿಪಡಿಸಿದ ಲಕ್ಷಣಗಳ ಪ್ರಕಾರ ಬಳಲಿಕೆ ಆರು ತಿಂಗಳು ಮೀರಿರಬೇಕು, ನಿದ್ರೆ ಮಾಡಿ ಎದ್ದರೂ ಹಗುರವೆನಿಸಬಾರದು, ಶ್ರಮದ ನಂತರ ಸ್ಥಿತಿ ಬಿಗಡಾಯಿಸಬೇಕು. ಇವುಗಳ ಜೊತೆಗೆ ಯೋಚನೆಯ ಮಂಕು ಅಥವಾ ನಿಂತಾಗ ಹೆಚ್ಚುವ ತೊಂದರೆ ಇರಬೇಕು. ಶ್ರಮೋತ್ತರ ಕುಸಿತವೇ ಇದರ ವಿಶಿಷ್ಟ ಗುರುತು: ಇಂದು ಅಂಗಡಿಗೆ ಹೋಗಿ ಬಂದವರು ನಾಳೆ, ನಾಡಿದ್ದು ಹಾಸಿಗೆ ಹಿಡಿಯುತ್ತಾರೆ.

ಅಳತೆ

ದಣಿವನ್ನು ಅಳೆಯುವ ರಕ್ತಪರೀಕ್ಷೆ ಇಲ್ಲ, ಹೆಚ್ಚಾಗಿ ಹೇಳಿದ್ದನ್ನು ಕೇಳಿಯೇ ಅಳೆಯಬೇಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಶ್ರಮಮಾಪಕ ವ್ಯಾಯಾಮಶಾಲೆ ಮತ್ತು ಹೃದ್ರೋಗ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಆರೋಗ್ಯವಂತರಲ್ಲಿ ಆ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಹೃದಯ ಬಡಿತದ ಅಂದಾಜು ಸಿಗುವಂತೆ ಅದನ್ನು ಹೊಂದಿಸಲಾಗಿದೆ. ರೋಗಿಗಳಿಗೆ 1989ರ ಒಂಬತ್ತು ಪ್ರಶ್ನೆಗಳ ದಣಿವಿನ ತೀವ್ರತಾ ಮಾಪಕ, ಮಂಪರಿಗೆ 1991ರ ಎಪ್ವರ್ತ್ ಮಾಪಕ ಪ್ರಸಿದ್ಧ. ಪರದೆಯ ಮೇಲೆ ಗುರುತು ಕಂಡಕೂಡಲೇ ಗುಂಡಿ ಒತ್ತುವ ಎಚ್ಚರ ಪರೀಕ್ಷೆಯಲ್ಲಿ ಅರ್ಧ ಸೆಕೆಂಡು ಮೀರಿದರೆ ಅದನ್ನು ಲೋಪವೆಂದು ಎಣಿಸುತ್ತಾರೆ.

ದುಡಿಮೆಯ ಮಿತಿ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಅಂಗೀಕರಿಸಿದ ಮೊದಲ ಒಡಂಬಡಿಕೆಯೇ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯದು. ಭಾರತ ಅದನ್ನು 1921ರಲ್ಲಿ ಅನುಮೋದಿಸಿತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48, ದಿನಕ್ಕೆ 9 ಗಂಟೆಗಳ ಮಿತಿ ಹಾಕಿ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕಡ್ಡಾಯಗೊಳಿಸಿತು. 2023ರಲ್ಲಿ ಕರ್ನಾಟಕ ಈ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟಿತು. ದಣಿವು ಗಂಟೆಗಳ ಮೊತ್ತವನ್ನಷ್ಟೇ ಅವಲಂಬಿಸಿಲ್ಲ, ಒಂದೇ ಸಮನೆ ಎಷ್ಟು ಹೊತ್ತು ಎಂಬುದನ್ನೂ ಅವಲಂಬಿಸಿದೆ. ಈ ತಿದ್ದುಪಡಿಯನ್ನು ಆ ದೃಷ್ಟಿಯಿಂದ ನೋಡಬೇಕು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ 2016ರಲ್ಲಿ ಜಗತ್ತಿನಲ್ಲಿ 7,45,000 ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಘಟನೆಯ ಜಂಟಿ ಅಂದಾಜು. ಮನೆಗೆಲಸ, ಆರೈಕೆಯ ಕೆಲಸಗಳಿಗೆ ಯಾವ ಕಾಯ್ದೆಯ ಮಿತಿಯೂ ಇಲ್ಲ.

ಉಪಶಮನ

ದುಡಿಮೆಯ ದಣಿವಿಗೆ ವಿಶ್ರಾಂತಿ, ನೀರು, ಆಹಾರ, ನಿದ್ರೆ ಸಾಕು. ನಾಡಿನ ರೂಢಿಗಳು ಇದನ್ನು ಅರಿತೇ ರೂಪುಗೊಂಡಿವೆ. ಕರಾವಳಿಯಲ್ಲಿ ಬಿಸಿಲಿನಿಂದ ಬಂದವರಿಗೆ ಬೆಲ್ಲ ಮತ್ತು ನೀರು ಮುಂದಿಡುವುದು, ಬಯಲುಸೀಮೆಯ ರಾಗಿ ಅಂಬಲಿ, ಉಪ್ಪು ಹಾಕಿದ ನೀರು ಮಜ್ಜಿಗೆ, ದಾರಿಯ ಅರವಟ್ಟಿಗೆಗಳಲ್ಲಿ ಕೊಡುತ್ತಿದ್ದ ಪಾನಕ, ಎಲ್ಲವೂ ಬೆವರಿನಲ್ಲಿ ಹೋದ ನೀರು, ಉಪ್ಪು, ಸಕ್ಕರೆಗಳನ್ನು ಮರಳಿಸುತ್ತವೆ. ಹಳೆಯ ದಾರಿಗಳಲ್ಲಿ ಎರಡು ನಿಲುವುಗಲ್ಲುಗಳ ಮೇಲೆ ಒಂದು ಚಪ್ಪಡಿ ಅಡ್ಡ ಹಾಸಿದ ಹೊರೆಗಲ್ಲುಗಳು ಇನ್ನೂ ಅಲ್ಲಲ್ಲಿ ನಿಂತಿವೆ. ತಲೆಹೊರೆ ಹೊತ್ತು ಒಬ್ಬರೇ ನಡೆಯುವವರು ಬಗ್ಗದೆ, ಯಾರ ಕೈ ಕಾಯದೆ, ಹೊರೆಯನ್ನು ಚಪ್ಪಡಿಗೆ ಸರಿಸಿ ದಣಿವಾರಿಸಿಕೊಂಡು ಮತ್ತೆ ತಲೆಗೆ ಸರಿಸಿಕೊಳ್ಳಲು ಅನುಕೂಲವಾಗುವಷ್ಟೇ ಅವುಗಳ ಎತ್ತರ.

ಮನಸ್ಸಿನ ದಣಿವಿಗೆ ಕೆಲಸದ ನಡುವೆ ಚಿಕ್ಕ ಬಿಡುವುಗಳು, ನಡಿಗೆ, ರಾತ್ರಿಯಲ್ಲಿ ಏಳರಿಂದ ಒಂಬತ್ತು ತಾಸಿನ ನಿದ್ರೆ ನೆರವಾಗುತ್ತವೆ. ಹಗಲು ಮಲಗುವುದಾದರೆ 20 ನಿಮಿಷದೊಳಗೆ ಎದ್ದರೆ ನಿದ್ರಾಜಡತೆ ಕಾಡುವುದು ಕಡಿಮೆ. ಕ್ಯಾನ್ಸರ್ ಚಿಕಿತ್ಸೆಯ ಬಳಲಿಕೆಗೆ ಹಿತಮಿತ ವ್ಯಾಯಾಮ ಗುಣಕಾರಿಯೆಂದು ಸಿದ್ಧವಾಗಿದೆ. ದೀರ್ಘಕಾಲೀನ ಬಳಲಿಕೆಯ ರೋಗಕೂಟಕ್ಕೆ ಅದೇ ಸಲಹೆ ಅಪಾಯ. ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2021ರಲ್ಲಿ ಕೈಬಿಟ್ಟು, ಇರುವ ಶಕ್ತಿಯೊಳಗೇ ದಿನವನ್ನು ಹೊಂದಿಸಿಕೊಳ್ಳುವ ಕ್ರಮವನ್ನು ಸೂಚಿಸಿತು.

ಇಂದಿನ ಸ್ಥಿತಿ

ಭಾರತದಲ್ಲಿ 2018ರಿಂದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ ನಡೆಯುತ್ತಿದ್ದು, ಶಾಲೆ, ಅಂಗನವಾಡಿಗಳಲ್ಲಿ ಕಬ್ಬಿಣಾಂಶದ ಮಾತ್ರೆ ಹಂಚಲಾಗುತ್ತಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಖಿನ್ನತೆ ಮತ್ತು ವೃತ್ತಿ ಬಳಲಿಕೆಯವರು ಕನ್ನಡದಲ್ಲೇ ಮಾತಾಡಬಹುದು. ವಿಮಾನ ಚಾಲಕರ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಪ್ರಕಟಿಸಿತು.

ಕೋವಿಡ್ ನಂತರ ಬಳಲಿಕೆಯ ಸಂಶೋಧನೆಗೆ ಹೊಸ ಚುರುಕು ಬಂದಿದೆ. ರೋಗನಿರೋಧಕ ವ್ಯವಸ್ಥೆಯ ಏರುಪೇರು, ಜೀವಕೋಶಗಳ ಶಕ್ತಿ ತಯಾರಿಕೆಯ ದೋಷ, ನಿಂತಾಗ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುವುದು ಮುಂತಾದ ದಿಕ್ಕುಗಳಲ್ಲಿ ಹುಡುಕಾಟ ನಡೆದಿದೆ. ದೀರ್ಘಕಾಲೀನ ಬಳಲಿಕೆಯ ರೋಗಕೂಟವನ್ನು ಖಚಿತಪಡಿಸುವ ಪರೀಕ್ಷೆ ಇನ್ನೂ ಬಂದಿಲ್ಲ. ಎಲ್ಲ ರಿಪೋರ್ಟುಗಳೂ ನಾರ್ಮಲ್ ಬಂದ ಮೇಲೂ ಏಳಲಾಗದೆ ಮಲಗಿರುವ ರೋಗಿಯ ಮಾತೇ ಸದ್ಯಕ್ಕೆ ರೋಗ ಗುರುತಿಸಲು ಇರುವ ಮುಖ್ಯ ಆಧಾರ.